ಇಪ್ಪತ್ತೇಳನೆಯ ಮಗು

ತಂಗಿಯ ಮನೆಯ ಬಾಗಿಲು ತೆರೆಯುವುದಕ್ಕೆ ಮೊದಲೇ ಗುಂಡ ಅವಳ ತೋಳಿನಲ್ಲಿ ಮಿಸುಕಾಡತೊಡಗಿದ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತು, ಎಳೆದುಕೊಂಡು ಬರುವ ಚಪ್ಪಲಿಯ ಸದ್ದು ಶುರುವಾಗಿತ್ತು, ಅಷ್ಟೇ. ನಾಲ್ಕು ತಿಂಗಳ ಮಗುವಿಗೆ ಅಷ್ಟು ಸಾಕಾಯಿತು. ತುಟಿ ಗಾಳಿಯನ್ನೇ ಚೀಪತೊಡಗಿತು, ಕುತ್ತಿಗೆ ಬಾಗಿಲ ಕಡೆ ತಿರುಗಿತು. ಬೆಳಿಗ್ಗೆ ಎದ್ದು ತಾನು ಸ್ನಾನ ಮಾಡಿಸಿ, ಪೌಡರ್ ಹಚ್ಚಿ, ಕಿವಿಯ ಹಿಂದಿನ ಮಡಿಕೆಯನ್ನೂ ಬಿಡದೆ ಒರೆಸಿದ ಈ ಪುಟ್ಟ ಮೈ ತನ್ನ ಕೈಯಿಂದ ಆಚೆ ಜಾರಲು ಹವಣಿಸುವುದನ್ನು ಅವಳು ದಿನವೂ ಇದೇ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ದಿನವೂ ಅದು ಹೊಸದಾಗಿಯೇ ಚುಚ್ಚುತ್ತಿತ್ತು. ಬಾಗಿಲು ತೆರೆದ ತಂಗಿಯ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು, ತುಟಿಯ ನಡುವೆ ಎರಡು ಗುಂಡುಪಿನ್ನುಗಳಿದ್ದವು. ಅವನ್ನು ತೆಗೆದು ರವಿಕೆಯ ಅಂಚಿಗೆ ಚುಚ್ಚಿಕೊಳ್ಳುವುದು, ಮಗುವನ್ನು ಎತ್ತಿಕೊಳ್ಳುವುದು, ಗುಂಡಿ ಬಿಚ್ಚುವುದು, ಎಲ್ಲ ಒಂದೇ ಉಸಿರಿನಲ್ಲಿ ಆಗಿಹೋಯಿತು. "ಬಂದ್ಯಾ ನನ್ನ ರಾಜಾ! ಹಸಿವಾಯ್ತಾ? ನಿಮ್ಮಮ್ಮ ಲೇಟ್ ಮಾಡಿದ್ಲಾ?" ಅಂದಳು. ಆಮೇಲೆ ತಲೆ ಎತ್ತಿ, "ಅಕ್ಕಾ, ನಿನ್ ಮುಖ ಯಾಕೆ ಹೀಗಿದೆ? ನಿದ್ದೆ ಆಗ್ಲಿಲ್ವಾ?" ಅಂದಳು. ಅಕ್ಕ ಕೈಚೀಲದಲ್ಲಿ ಬೀಗದ ಕೈ ಹುಡುಕುವಂತೆ ನಟಿಸಿದಳು. ಬೀಗದ ಕೈ ಅಂಗೈಯಲ್ಲೇ ಇತ್ತು. ಮಗು ನುಂಗುವ ಸದ್ದು, ಒಂದೊಂದು ಗುಟುಕಿಗೂ ಮೂಗಿನಿಂದ ಬರುವ ಆ ತೃಪ್ತಿಯ ಉಸಿರು, ಅವಳ ಕಿವಿಗೆ ಪಕ್ಕದ ಕೋಣೆಯ ಪಿಸುಮಾತಿನಂತೆ ಕೇಳಿಸುತ್ತಿತ್ತು. ಅದು ತನಗೆ ಹೇಳದ ಮಾತು. ಚಾಪೆಯ ಮೇಲೆ ತಂಗಿಯ ಮಗಳು ಮಿಣುಕಿ ಮಲಗಿ, ದಾರ ಮುಗಿದ ಖಾಲಿ ರೀಲೊಂದನ್ನು ಎರಡೂ ಕೈಯಲ್ಲಿ ಹಿಡಿದು ಒದ್ದೆ ಮಾಡುತ್ತಿದ್ದಳು. ಗುಂಡನಿಗಿಂತ ಮೂರು ವಾರ ದೊಡ್ಡವಳು. ಅಳುವುದೇ ಇಲ್ಲ ಆ ಮಗು. ಅದಕ್ಕೂ ಅವಳಿಗೆ ಒಳಗೊಳಗೇ ಉರಿಯಾಗುತ್ತಿತ್ತು.

ಅವಳ ಎದೆಯಲ್ಲಿ ಹಾಲು ಬತ್ತಿದ್ದು ಮೂರನೆಯ ವಾರ. ಜ್ವರ ಬಂತು, ಹೆರಿಗೆಯಲ್ಲಿ ಹೊಲಿಗೆ ಹಾಕಿದ ಜಾಗ ಕೀವಾಯಿತು, ಮತ್ತೆ ಆಸ್ಪತ್ರೆ ಸೇರಿದಳು. ಐದು ದಿನ ಎಲ್ಲವೂ ಮಂಜಿನ ಹಿಂದಿನಿಂದ ಕಂಡ ಹಾಗಿತ್ತು. ಡಬ್ಬಿ ಹಾಲನ್ನು ಮಗು ಕುಡಿದಷ್ಟೂ ಕಕ್ಕಿತು, ಇಡೀ ದಿನ ಕಿರುಚಿತು. ಆ ಕಿರುಚಾಟ ಇದ್ದಕ್ಕಿದ್ದಂತೆ ನಿಂತಾಗ ಅವಳು ಬೆದರಿ ಕಣ್ಣು ಬಿಟ್ಟಿದ್ದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಂಗಿ ಕೂತಿದ್ದಳು; ಸೆರಗಿನ ಕೆಳಗಿನಿಂದ ಗುಂಡನ ಎರಡು ಪಾದಗಳು ಮಾತ್ರ ಹೊರಗಿದ್ದವು, ಸುಮ್ಮನಾದ ಪಾದಗಳು. "ಅಳ್ತಾ ಇತ್ತಲ್ಲ ಅಕ್ಕಾ, ಏನ್ ಮಾಡ್ಲಿ? ಕೈ ತಾನಾಗೇ ಹೋಯ್ತು," ಅಂದಿದ್ದಳು. ನರ್ಸು ಹೊಗಳಿದಳು, ಡಾಕ್ಟರು ತಂಗಿಯ ರಕ್ತ ಪರೀಕ್ಷೆ ಮಾಡಿಸಿ ಒಪ್ಪಿಗೆ ಕೊಟ್ಟರು, ಅವಳ ಗಂಡ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ. ಲಿಫ್ಟ್ ರಿಪೇರಿ ಮಾಡುವ, ಮಾತು ಕಡಿಮೆಯ ಆ ಮನುಷ್ಯ ಅಂದಿನಿಂದ ವಾರಕ್ಕೊಂದು ಸಲವಾದರೂ "ದೊಡ್ಡ ಮನಸ್ಸು ಅವಳದು" ಅನ್ನುತ್ತಾನೆ. ಅವಳೂ ಹೌದು ಅನ್ನುತ್ತಾಳೆ. ಥ್ಯಾಂಕ್ಸ್ ಅಂತ ತಂಗಿಗೆ ಹೇಳಿದ್ದೂ ಆಗಿದೆ. ಆದರೆ ಕಣ್ಣು ಬಿಟ್ಟು ಆ ಪಾದಗಳನ್ನು ಕಂಡ ಕ್ಷಣದಲ್ಲಿ ತನಗೆ ಮೊದಲು ಆದದ್ದು ಸಮಾಧಾನವಲ್ಲ, ಬೇರೇನೋ ಎಂಬುದನ್ನು ಅವಳು ಯಾರಿಗೂ ಹೇಳಿಲ್ಲ. ಮನೆಗೆ ಕಳ್ಳ ನುಗ್ಗಿ, ದೀಪ ಹಚ್ಚಿಕೊಂಡು, ತನ್ನದೇ ಕುರ್ಚಿಯಲ್ಲಿ ಆರಾಮವಾಗಿ ಕೂತಿರುವುದನ್ನು ಕಂಡ ಹಾಗಾಗಿತ್ತು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಚಿಕ್ಕವರಿದ್ದಾಗ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಓದುತ್ತಿದ್ದರು; ಓದುತ್ತಿದ್ದವಳು ಇವಳು, ತಂಗಿ ಇವಳ ಪುಸ್ತಕದ ಅಂಚಿನಲ್ಲಿ ಲಂಗಗಳ ಚಿತ್ರ ಬರೆಯುತ್ತಿದ್ದಳು. ಲೆಕ್ಕದ ಪರೀಕ್ಷೆಯ ಹಿಂದಿನ ದಿನ "ಅಕ್ಕಾ, ಇದೊಂದು ತೋರ್ಸೇ" ಅಂತ ಕೇಳಿದಾಗ ಇವಳು ನೋಟ್‌ಬುಕ್ಕನ್ನು ತೋಳಿನಿಂದ ಮುಚ್ಚಿಕೊಂಡಿದ್ದಳು. ತಂಗಿ ಫೇಲಾದಳು. ಫೇಲಾದವಳು ಅಳಲಿಲ್ಲ, "ಸರಿ ಬಿಡು, ಇನ್ಮೇಲೆ ಓದೋ ತಾಪತ್ರಯ ಇಲ್ಲ" ಅಂತ ನಕ್ಕು ಅತ್ತೆಯ ಹೊಲಿಗೆ ಯಂತ್ರದ ಮುಂದೆ ಕೂತುಬಿಟ್ಟಳು. ಅದೇ ಸಹಿಸಲಾಗದ್ದು. ತಾನು ಮುಚ್ಚಿಟ್ಟಿದ್ದು ಅವಳಿಗೆ ಬೇಕಾಗಿಯೇ ಇರಲಿಲ್ಲವೇನೋ ಅನ್ನುವ ಹಾಗೆ ಬದುಕಿದಳು. ಆಮೇಲೆ ಇವಳಿಗೆ ಪದಕಗಳು ಬಂದವು, ಡಾಕ್ಟರೇಟು ಬಂತು, ಪ್ರಯೋಗಾಲಯದಲ್ಲಿ ಸ್ವಂತ ಮೇಜು ಬಂತು. ಒಂಬತ್ತು ವರ್ಷದಿಂದ ಹಾಲನ್ನೇ ಓದುತ್ತಿದ್ದಾಳೆ. ತಾಯಿಯ ಹಾಲಿನಲ್ಲಿ ಏನೇನಿದೆ ಎಂದು ಈ ಊರಲ್ಲಿ ತನ್ನಷ್ಟು ಬಲ್ಲವರು ನಾಲ್ಕೈದು ಜನ ಇದ್ದರೆ ಹೆಚ್ಚು. ಬಲ್ಲವಳ ಎದೆ ಒಣಗಿತು. ಏನೂ ಗೊತ್ತಿಲ್ಲದವಳು ಗುಂಡಿ ಬಿಚ್ಚಿದರೆ ಸಾಕು, ಇಬ್ಬರಿಗಾಗುವಷ್ಟು ಸುರಿಯುತ್ತದೆ.

ಪ್ರಯೋಗಾಲಯದ ಮೆಟ್ಟಿಲಲ್ಲಿ ಗಾಜಮ್ಮ ಎದುರಾದಳು. ಸೀಸೆ, ತಟ್ಟೆ, ಕೊಳವೆಗಳನ್ನು ತೊಳೆದು ಬಿಸಿಗೆ ಇಡುವುದು ಅವಳ ಕೆಲಸ. ಅವಳ ನಿಜವಾದ ಹೆಸರು ಸಂಬಳದವರಿಗೆ ಮಾತ್ರ ಗೊತ್ತಿತ್ತು. "ಮಗನ್ನ ಬಿಟ್ ಬಂದ್ರಾ ಚಿಕ್ಕಮ್ಮನ ಹತ್ರ?" ಅಂತ ಕೇಳಿದಳು. "ಪುಣ್ಯ ಮಾಡಿದೆ ಬಿಡಿ ಕೂಸು. ಒಬ್ಬಳು ಅಮ್ಮ, ಇನ್ನೊಬ್ಬಳು ಚಿಕ್ಕಮ್ಮ. ಎರಡರಲ್ಲೂ ಅಮ್ಮ ಇದಾಳಲ್ಲ!" ತನ್ನ ಮಾತಿಗೆ ತಾನೇ ನಕ್ಕು, ಟ್ರೇ ಎತ್ತಿಕೊಂಡು ಹೋದಳು. ಹಬೆಯ ವಾಸನೆ ಅವಳ ಹಿಂದೆಯೇ ಹೋಯಿತು. ಚಿಕ್ಕ ಅಮ್ಮ ಎಂದು ಇವಳು ಎರಡು ಪದವಾಗಿ ಬಿಡಿಸಿಕೊಂಡಳು. ಇದರಲ್ಲಿ ಚಿಕ್ಕವಳು ಯಾರು?

ಕೆಲಸದ ಮೇಜಿನ ಮೇಲೆ ಗಾಳಿಯಾಡದ ದೊಡ್ಡ ಗಾಜಿನ ಪೆಟ್ಟಿಗೆ ಇತ್ತು. ಅದರ ಗೋಡೆಗೇ ಅಂಟಿಸಿದ ಉದ್ದನೆಯ ರಬ್ಬರ್ ಕೈಗವಸುಗಳೊಳಗೆ ಕೈ ತೂರಿಸಿ ಒಳಗಿನ ಕೆಲಸ ಮಾಡಬೇಕು, ಏಕೆಂದರೆ ಅಲ್ಲಿ ಬೆಳೆಯುವ ಜೀವಿಗಳು ನಾವು ಉಸಿರಾಡುವ ಗಾಳಿ ತಗುಲಿದರೆ ಸಾಯುತ್ತವೆ. ಅವು ಹಸುಗೂಸುಗಳ ಕರುಳಿನಿಂದ ಬಂದವು. ನಲವತ್ತು ಮಕ್ಕಳ ಲಂಗೋಟಿಯಿಂದ ತೆಗೆದ ಚೂರುಚೂರು ಮಲ, ಒಂದೊಂದಕ್ಕೂ ಒಂದು ಸಂಖ್ಯೆ. ತಾಯಂದಿರಿಗೆ ಇದನ್ನು ವಿವರಿಸುವಾಗ ಇವಳಿಗೆ ಮಾತು ತಾನಾಗಿ ಹರಿಯುತ್ತಿತ್ತು: ನಿಮ್ಮ ಹಾಲಿನಲ್ಲಿ ಮಗು ಜೀರ್ಣಿಸಿಕೊಳ್ಳಲಾರದ ಸಕ್ಕರೆಗಳಿವೆ, ನೂರಕ್ಕೂ ಹೆಚ್ಚು ಬಗೆ. ಹಾಗಾದರೆ ಯಾಕಿವೆ? ಮಗುವಿಗಲ್ಲ. ಮಗುವಿನ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ. ಆ ಸಕ್ಕರೆಯ ಗಂಟನ್ನು ಕತ್ತರಿಸುವ ಕತ್ತರಿ, ಅಂದರೆ ಕಿಣ್ವ, ಮಗುವಿನ ಹತ್ತಿರ ಇಲ್ಲ, ಅವುಗಳ ಹತ್ತಿರ ಇದೆ. ಅವು ಕತ್ತರಿಸಿ ತಿಂದು ಬೆಳೆದು, ಕರುಳಿನ ತುಂಬ ಕೂತು, ರೋಗದ ಜೀವಿಗಳಿಗೆ ಜಾಗ ಇಲ್ಲದ ಹಾಗೆ ಮಾಡುತ್ತವೆ. ಒಂದು ಮಗುವಿಗೆ ಹಾಲು ಕುಡಿಸುವಾಗ ನೀವು ಕೋಟ್ಯಂತರ ಜೀವಗಳಿಗೆ ಬಡಿಸುತ್ತಿದ್ದೀರಿ. ತಾಯಂದಿರು ಕಣ್ಣರಳಿಸುತ್ತಿದ್ದರು. ಹೆರಿಗೆಗೆ ಮುಂಚೆ ಇದನ್ನೆಲ್ಲ ಹೇಳುವಾಗ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳುತ್ತಿದ್ದದ್ದು ನೆನಪಾಗಿ ಈಗ ಕಿವಿ ಬಿಸಿಯಾಯಿತು.

ನಲವತ್ತು ಮಕ್ಕಳು ಸಿಗದೆ ಎರಡು ಕಡಿಮೆ ಬಿದ್ದಾಗ ಮಿಣುಕಿಯನ್ನೂ ಗುಂಡನನ್ನೂ ಸೇರಿಸಿದವಳು ಇವಳೇ. "ನಮ್ಮನೆ ಕಸಕ್ಕೂ ಬೆಲೆ ಬಂತಲ್ಲ ಅಕ್ಕಾ" ಅಂತ ತಂಗಿ ಬಿದ್ದು ಬಿದ್ದು ನಕ್ಕಿದ್ದಳು. ನಡುವೆ ಬಿಟ್ಟುಹೋದ ಮಕ್ಕಳ ಸಂಖ್ಯೆಗಳು ಇವರಿಗೆ ಸಿಕ್ಕವು: ಮಿಣುಕಿ ಹನ್ನೆರಡು, ಗುಂಡ ಇಪ್ಪತ್ತೇಳು. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು, ಮಗುವಿನ ಆಹಾರ: ತಾಯಿಯ ಹಾಲು, ಡಬ್ಬಿ ಹಾಲು, ಎರಡೂ. ಮಿಣುಕಿಯದಕ್ಕೆ ತಂಗಿಯನ್ನು ಕೇಳಿ ತಾಯಿಯ ಹಾಲು ಎಂದು ಗುರುತು ಹಾಕಿದಳು. ಗುಂಡನದರ ಮುಂದೆ ಪೆನ್ನು ನಿಂತಿತು. ನಾಲ್ಕನೆಯ ಚೌಕ ಇರಲಿಲ್ಲ. ಬೇಕಿದ್ದರೆ ಪಕ್ಕದಲ್ಲಿ ಬರೆಯಬಹುದಾಗಿತ್ತು, ಜಾಗ ಬೇಕಾದಷ್ಟಿತ್ತು. ಮೊದಲನೆಯ ಚೌಕಕ್ಕೇ ಗುರುತು ಹಾಕಿದಳು. ತಾಯಿಯ ಹಾಲು. ಅದನ್ನು ಬರೆದಾಗ ಆದ ಸುಖ ಎಂಥದ್ದೆಂದರೆ, ಅರ್ಜಿಯನ್ನು ಮಡಚಿಡುವ ಮುನ್ನ ಎರಡು ಸಲ ತೆರೆದು ನೋಡಿದ್ದಳು.

ಮೊದಲ ವಾರದಲ್ಲಿ ಹಿಂಡಿಟ್ಟುಕೊಂಡಿದ್ದ ತನ್ನದೇ ಹಾಲಿನ ಎರಡು ಪುಟ್ಟ ಸೀಸೆಗಳು ಪ್ರಯೋಗಾಲಯದ ಫ್ರೀಜರಿನ ಮೂಲೆಯಲ್ಲಿದ್ದವು. ಹೋದ ತಿಂಗಳು, ಯಾರೂ ಇಲ್ಲದ ಊಟದ ಹೊತ್ತಿನಲ್ಲಿ, ಒಂದನ್ನು ಕರಗಿಸಿ ಯಂತ್ರಕ್ಕೆ ಹಾಕಿದ್ದಳು. ಸಕ್ಕರೆಗಳು ಒಂದೊಂದಾಗಿ ಪರದೆಯ ಮೇಲೆ ಶಿಖರಗಳಾಗಿ ಎದ್ದವು. ಎಲ್ಲಕ್ಕಿಂತ ಎತ್ತರವಾಗಿ ಏಳಬೇಕಾದ ಒಂದು ಶಿಖರದ ಜಾಗದಲ್ಲಿ ಗೆರೆ ಮಟ್ಟಸವಾಗಿ ಹೋಯಿತು, ಅಲ್ಲಿ ಏನೂ ನಡೆದೇ ಇಲ್ಲ ಅನ್ನುವ ಹಾಗೆ. ಐವರು ಹೆಂಗಸರಲ್ಲಿ ಸುಮಾರು ಒಬ್ಬರ ಹಾಲಿನಲ್ಲಿ ಆ ಸಕ್ಕರೆ ಇರುವುದಿಲ್ಲ, ಹುಟ್ಟಿನಿಂದಲೇ ಹಾಗೆ, ಅವರ ಮಕ್ಕಳೂ ಚೆನ್ನಾಗಿಯೇ ಬೆಳೆಯುತ್ತವೆ, ಬೇರೆ ಸಕ್ಕರೆ ತಿನ್ನುವ ಬೇರೆ ಬ್ಯಾಕ್ಟೀರಿಯಾಗಳೊಂದಿಗೆ. ಇದೇನೂ ಕೊರತೆಯಲ್ಲ ಅಂತ ಇವಳೇ ಎಷ್ಟೋ ತಾಯಂದಿರ ಕೈ ಹಿಡಿದು ಹೇಳಿದ್ದಾಳೆ. ಅವರು ತಲೆಯಾಡಿಸಿ ನೆಲ ನೋಡುತ್ತಿದ್ದದ್ದು ಯಾಕೆಂದು ಆ ಮಟ್ಟಸವಾದ ಗೆರೆಯನ್ನು ನೋಡಿದಾಗ ಗೊತ್ತಾಯಿತು.

ಇವತ್ತು ಬೆಳಿಗ್ಗೆ ನೋಡಬೇಕಾಗಿದ್ದದ್ದು ಬಣ್ಣ. ಆ ಒಂದು ಸಕ್ಕರೆಯನ್ನು ಕತ್ತರಿಸುವ ಕಿಣ್ವ ಯಾವ ಮಗುವಿನ ಬ್ಯಾಕ್ಟೀರಿಯಾದಲ್ಲಿ ಎಷ್ಟಿದೆ ಎಂದು ತಿಳಿಯಲು ಗುಳಿಗುಳಿಯ ತಟ್ಟೆಯಲ್ಲಿ ದ್ರವ ತುಂಬಿ ಇಟ್ಟಿದ್ದರು. ಕಿಣ್ವ ಇದ್ದಷ್ಟೂ ಹಳದಿ ಗಾಢವಾಗುತ್ತದೆ. ತಟ್ಟೆಯನ್ನು ಬೆಳಕಿಗೆ ಹಿಡಿದಳು. ತಿಳಿ ಹಳದಿ, ನಿಂಬೆ ಹಳದಿ, ಬಣ್ಣವೇ ಇಲ್ಲದ್ದು, ಮತ್ತೆ ತಿಳಿ ಹಳದಿ. ಇಪ್ಪತ್ತೇಳನೆಯ ಗುಳಿ ಮೊಟ್ಟೆಯ ಭಂಡಾರದ ಹಾಗೆ ಉರಿಯುತ್ತಿತ್ತು. ಹಿಂದೆ ಬಂದು ನಿಂತ ಮೇಡಂ, ಆ ವಿಭಾಗದ ಮುಖ್ಯಸ್ಥೆ, ಕನ್ನಡಕವನ್ನು ಹಣೆಗೇರಿಸಿ ಬಗ್ಗಿದರು. ಸಾಮಾನ್ಯವಾಗಿ ಯಾವುದಕ್ಕೂ ಹುಬ್ಬು ಏರಿಸದವರು. "ಅಬ್ಬಾ! ಇದು ಯಾರ ಮಗುರೀ? ಇಷ್ಟು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ. ಈ ತಾಯಿ ಹಾಲು ಬೇಕು ನಂಗೆ. ಇವತ್ತೇ ತರಿಸೋಕಾಗುತ್ತಾ? ಹಾಲಲ್ಲಿ ಆ ಸಕ್ಕರೆ ಎಷ್ಟಿದೆ ನೋಡಿ ತಾಳೆ ಹಾಕೋಣ. ಎಂಥ ತಾಯಿ ಇರ್ಬೇಕು!" ಇವಳು "ಹ್ಞೂಂ ಮೇಡಂ, ಕೇಳ್ತೀನಿ" ಅಂದಳು. ಎಂಥ ತಾಯಿ. ಮೇಡಂ ಹೋದ ಮೇಲೂ ಆ ಹಳದಿ ಗುಳಿಯನ್ನೇ ನೋಡುತ್ತ ಕೂತಳು. ತನ್ನ ಮಗನ ಹೊಟ್ಟೆಯೊಳಗೆ, ತಾನು ಒಂಬತ್ತು ತಿಂಗಳು ಹೊತ್ತು ಕಟ್ಟಿದ ಆ ಕರುಳಿನ ಒಂದೊಂದು ಮಡಿಕೆಯಲ್ಲೂ ತಂಗಿಯ ಒಕ್ಕಲು ನೆಲೆಸಿದೆ. ಅವಳು ಬಡಿಸುತ್ತಾಳೆ, ಅವು ಉಣ್ಣುತ್ತವೆ. ತನ್ನ ಹಾಲು ಬತ್ತದೇ ಇದ್ದಿದ್ದರೂ ಈ ಬಣ್ಣ ಬರುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂಬ ಮಾತನ್ನು ಅವಳು ಬಾಯಲ್ಲಿ ಎಷ್ಟು ಸಲ ಆಡಿದ್ದಳೋ. ಅದು ನಿಜವಾಗಿ ಹೊಟ್ಟೆಯಲ್ಲೇ, ಹೊಕ್ಕುಳಿಗಿಂತ ತುಸು ಮೇಲೆ, ಹತ್ತುವ ಬೆಂಕಿ ಎಂದು ಇವತ್ತು ಗೊತ್ತಾಯಿತು.

ಆಮೇಲೆ, ಯಾಕೆ ಅಂತ ತನಗೇ ಹೇಳಿಕೊಳ್ಳದೆ, ಹನ್ನೆರಡನೆಯ ಗುಳಿಯನ್ನು ಹುಡುಕಿದಳು. ಅದೇ ಎದೆಯ ಹಾಲು ಕುಡಿಯುವ ಇನ್ನೊಂದು ಮಗು. ಅದೂ ಇಷ್ಟೇ ಹಳದಿ ಇರಬೇಕು. ಇರಲಿಲ್ಲ. ನೀರಿನ ಹಾಗಿತ್ತು. ಗುಳಿಗಳನ್ನು ಬೆರಳಿಟ್ಟು ಎಣಿಸಿದಳು. ಹನ್ನೆರಡೇ. ಒಂದು ಕ್ಷಣ, ಪೂರ್ತಿ ಒಂದು ಕ್ಷಣ, ಅವಳ ಮೈಯೆಲ್ಲ ತಂಪಾಯಿತು. ನನ್ನ ಮಗ ಗೆದ್ದ, ಅವಳ ಮಗಳು ಸೋತಳು ಅಂತ ಒಳಗೆ ಯಾರೋ ಚಪ್ಪಾಳೆ ತಟ್ಟಿದರು. ಪರೀಕ್ಷೆಯ ಫಲಿತಾಂಶ ಹಚ್ಚಿದ ಬೋರ್ಡಿನ ಮುಂದೆ ನಿಂತು ಮೊದಲು ತನ್ನ ಹೆಸರನ್ನೂ ಆಮೇಲೆ ಕೆಳಗಿನಿಂದ ತಂಗಿಯ ಹೆಸರನ್ನೂ ಹುಡುಕುತ್ತಿದ್ದ ಹುಡುಗಿ ಅವಳೊಳಗೆ ಇನ್ನೂ ಜಡೆ ಹಾಕಿಕೊಂಡೇ ನಿಂತಿದ್ದಳು. ಚಪ್ಪಾಳೆ ನಿಂತ ಮೇಲೆ ಒಳಗಿನ ವಿಜ್ಞಾನಿ ಎಚ್ಚೆತ್ತಳು. ಹೀಗಾಗಲು ಸಾಧ್ಯವಿಲ್ಲ. ಉಳಿದ ದ್ರವದಿಂದ ಇನ್ನೊಮ್ಮೆ ಗುಳಿ ತುಂಬಿದಳು, ಒಂದು ಗಂಟೆ ಕಾದಳು. ಮತ್ತೆ ನೀರು. ಅದೇ ಮಲವನ್ನು ತೆಳುವಾಗಿ ಸವರಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಳು: ತಾಯಿಹಾಲಿನ ಸಕ್ಕರೆ ಉಣ್ಣುವ ಒಕ್ಕಲು ಅಲ್ಲಿ ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಬೇರೆ ಬೇರೆ ಜಾತಿಯ ಗುಂಪು. ಇಂಥ ಚಿತ್ರವನ್ನು ಅವಳು ಒಂಬತ್ತು ವರ್ಷದಲ್ಲಿ ಸಾವಿರ ಸಲ ನೋಡಿದ್ದಳು. ಇದು ಡಬ್ಬಿ ಹಾಲಿನ ಮಗು. ನಿನ್ನೆ ಮೊನ್ನೆಯಿಂದಲ್ಲ, ತಿಂಗಳುಗಳಿಂದ. ಅವಳ ಕೈ ಸೂಕ್ಷ್ಮದರ್ಶಕದ ತಿರುಪಿನ ಮೇಲೇ ಉಳಿಯಿತು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಗುಂಡ ಎದೆಯಲ್ಲೇ ಇರುತ್ತಾನೆ; ರಾತ್ರಿ ಅರೆನಿದ್ದೆಯಲ್ಲಿ ಅವನು ಕುಡಿಯುವ ಮೂರು ಬಾಟಲಿಯನ್ನೂ ತಂಗಿಯೇ ಹಿಂಡಿ ಫ್ರಿಜ್ಜಿನಲ್ಲಿ ಇಟ್ಟಿರುತ್ತಾಳೆ. ಒಂದೇ ದೇಹ. ಇಬ್ಬರಿಗಾಗುವಷ್ಟು ಸುರಿಯುತ್ತದೆ ಅಂದುಕೊಂಡವಳು ತಾನು. ಸುರಿಯುತ್ತಿರಲಿಲ್ಲ.

ಮಧ್ಯಾಹ್ನ ಯಾರಿಗೂ ಹೇಳದೆ ಹೊರಟಳು. ಆ ಹೊತ್ತಿಗೆ ಎಂದೂ ಆ ಮನೆಗೆ ಹೋದವಳಲ್ಲ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ತಳ್ಳಿದಳು. ಗುಂಡ ಮಂಚದ ಮೇಲೆ ಕೈ ಎರಡೂ ಮೇಲೆತ್ತಿ, ಹೊಟ್ಟೆ ಬಿರಿಯುವಷ್ಟು ಕುಡಿದವರ ನಿದ್ದೆಯಲ್ಲಿದ್ದ. ತಂಗಿ ನೆಲದ ಮೇಲೆ ಗೋಡೆಗೊರಗಿ ಕೂತು ಮಿಣುಕಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಟಲಿ ಹಿಡಿದಿದ್ದಳು. ಪಕ್ಕದಲ್ಲಿ, ಹೊಲಿಯಬೇಕಾದ ಬಟ್ಟೆಯ ಗಂಟುಗಳ ಸಂದಿಯಿಂದ ಅರ್ಧ ಹೊರಗೆ ಬಂದಿದ್ದ ಹಾಲಿನ ಡಬ್ಬಿ. ಅದರ ಮುಚ್ಚಳದ ಮೇಲೆ ಅಳತೆಯ ಚಮಚ. ತಂಗಿ ಬೆಚ್ಚಿ, ಮೊದಲು ಡಬ್ಬಿಯನ್ನು ಬಟ್ಟೆಯಡಿಗೆ ತಳ್ಳಿದಳು. ಆಮೇಲೆ ತಳ್ಳಿ ಪ್ರಯೋಜನವಿಲ್ಲವೆಂದು ಕೈ ಬಿಟ್ಟಳು.

"ಯಾಕೆ, ಹುಷಾರಿಲ್ವಾ? ಇಷ್ಟ್ ಬೇಗ ಬಂದೆ?"

"ಎಷ್ಟ್ ದಿನದಿಂದ?"

ತಂಗಿ ಮಿಣುಕಿಯ ಗಲ್ಲಕ್ಕೆ ಇಳಿದ ಹಾಲನ್ನು ಸೆರಗಿನಿಂದ ಒರೆಸಿದಳು.

"ಎಷ್ಟ್ ದಿನದಿಂದ ಅಂತ ಕೇಳ್ದೆ."

"ಮೊದ್ಲು ಇಬ್ರಿಗೂ ಕೊಡ್ತಿದ್ದೆ. ಸಾಲ್ತಿರ್ಲಿಲ್ಲ ಅಕ್ಕಾ. ಇಬ್ರೂ ಅರ್ಧ ಹೊಟ್ಟೇಲಿ ಇರೋ ಬದ್ಲು… ಇವನು ಡಬ್ಬಿ ಕುಡೀತಿರ್ಲಿಲ್ಲ, ಇವಳು ಕುಡೀತಿದ್ಲು. ಅಷ್ಟೇ. ಇದ್ರಲ್ಲಿ ಲೆಕ್ಕ ಹಾಕೋಕೆ ಏನಿದೆ?" ಬಾಟಲಿಯನ್ನು ಇನ್ನಷ್ಟು ಓರೆ ಮಾಡಿ, "ತೂಕ ಎಲ್ಲ ಸರಿಯಾಗಿದೆ ಇವಳದು. ಡಾಕ್ಟ್ರು ನೋಡಿದಾರೆ," ಅಂದಳು.

"ಅರ್ಜೀಲಿ ಯಾಕೆ ಸುಳ್ಳು ಹೇಳ್ದೆ? ತಾಯಿ ಹಾಲು ಅಂತ ಯಾಕೆ ಬರೆಸ್ದೆ?"

"ನೀನೇ ಎದುರಿಗೆ ಪೆನ್ನು ಹಿಡ್ಕೊಂಡ್ ಕೂತಿದ್ಯಲ್ಲ. ಡಬ್ಬಿ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದೆ. ಕೇಳಿದ್ರೆ ನೀನು ಗುಂಡನ್ನ ಕರ್ಕೊಂಡ್ ಹೋಗ್ಬಿಡ್ತಿದ್ದೆ. ನೀನು ಒಪ್ತಿದ್ಯಾ?"

ಒಪ್ಪುತ್ತಿದ್ದಳು. ಆ ವಾರ, ಮಗು ಕಕ್ಕಿ ಕಕ್ಕಿ ನೀಲಿಯಾಗುತ್ತಿದ್ದ ಆ ವಾರ, ಯಾರಾದರೂ ಬಂದು ತಂಗಿಯ ಮಗಳ ಬಾಯಿಂದ ಕಿತ್ತು ಕೊಡುತ್ತೇವೆ ಅಂದಿದ್ದರೂ ಕಣ್ಣು ಮುಚ್ಚಿ ಒಪ್ಪುತ್ತಿದ್ದಳು. ತಾನು ಅಷ್ಟು ಕೆಟ್ಟವಳೆಂದು ತಂಗಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೇ, ಕೇಳುವ ಹಂಗಿನಿಂದ ತನ್ನನ್ನು ಬಿಡಿಸಿದ್ದಳು. ಎರಡರಲ್ಲಿ ಯಾವುದು ಹೆಚ್ಚು ಅವಮಾನವೆಂದು ತಿಳಿಯಲಿಲ್ಲ. ಅಳಬೇಕಾಗಿತ್ತು, ತಂಗಿಯ ಕಾಲ ಬಳಿ ಕೂರಬೇಕಾಗಿತ್ತು. ಬದಲಿಗೆ ಆ ಬೆಂಕಿ ಇನ್ನೂ ಮೇಲೆ ಹತ್ತಿತು: ಇದರಲ್ಲೂ ನೀನೇ. ಕೊಡುವುದರಲ್ಲಿ, ಮುಚ್ಚಿಟ್ಟುಕೊಂಡು ಕೊಡುವುದರಲ್ಲಿ, ಏನೂ ಆಗದ ಹಾಗೆ ನಗುವುದರಲ್ಲಿ. ನನಗೆ ಒಂದಾದರೂ ಬಿಡಬಾರದಾ?

"ನಿನ್ನ ಯಾರು ಕೇಳಿದ್ರು?" ಅಂದುಬಿಟ್ಟಳು. ಧ್ವನಿ ತನ್ನದಲ್ಲದ ಹಾಗೆ ಕೀರಲಾಗಿ ಬಂತು. "ಯಾರಾದ್ರೂ ಬಂದು ನಿನ್ನ ಬೇಡಿದ್ರಾ?"

ತಂಗಿಯ ಮುಖದಲ್ಲಿ ಮೊದಲ ಸಲ ಏನೋ ಮುರಿಯಿತು. ಬಾಟಲಿಯನ್ನು ಮಗುವಿನ ಬಾಯಿಂದ ತೆಗೆಯದೆ, ತಲೆಯನ್ನೂ ಎತ್ತದೆ ಹೇಳಿದಳು: "ನಿನ್ ಮಗ ಕೇಳ್ದ."

ಗುಂಡ ನಿದ್ದೆಯಲ್ಲಿ ತುಟಿ ಆಡಿಸಿದ. ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು. ಇಬ್ಬರೂ ಒಟ್ಟಿಗೆ ಕೈ ಚಾಚಲು ಹೋಗಿ, ಇಬ್ಬರೂ ಕೈ ಹಿಂದೆಗೆದರು. ಅವನು ಏಳಲಿಲ್ಲ. ಅವಳು ಗೋಡೆಯ ಪಕ್ಕ, ತಂಗಿಯಿಂದ ಒಂದು ಮೊಳ ದೂರದಲ್ಲಿ, ಕತ್ತರಿಸಿ ಬಿದ್ದ ಬಟ್ಟೆಯ ಚೂರುಗಳ ಮೇಲೆ ಕೂತಳು. ಮಿಣುಕಿ ಕುಡಿದು ಮುಗಿಸಿ, ಬಾಟಲಿಯ ಆಚೆಯಿಂದ ದೊಡ್ಡಮ್ಮನನ್ನು ನೋಡಿ ಕಾರಣವಿಲ್ಲದೆ ನಕ್ಕಳು. "ಭಾನುವಾರದಿಂದ ಗುಂಡನಿಗೆ ಡಬ್ಬಿ ಶುರು ಮಾಡ್ತೀನಿ," ಅಂದಳು ಅವಳು. "ಆಗ ಮೂರು ವಾರದ ಕೂಸು. ಈಗ ಹೊಟ್ಟೆ ಗಟ್ಟಿಯಾಗಿದೆ. ದಿನಕ್ಕೊಂದು ಸಲದಿಂದ ಶುರು ಮಾಡಿ, ನಿಧಾನಕ್ಕೆ ಬಿಡಿಸ್ತೀನಿ." ತಂಗಿ ಬಟ್ಟೆಯ ಒಂದು ದಾರವನ್ನು ಎಳೆಯುತ್ತ, "ಹ್ಞೂಂ," ಅಂದಳು. ಒಂದು ಸಲ ಬೇಡ ಅನ್ನಬಹುದು ಎಂದು ಅವಳು ಕಾದಳು. ಅನ್ನಲಿಲ್ಲ.

ಮಾರನೆಯ ದಿನ ಅವಳು ಮೇಡಂ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ನಿಂತೇ ಹೇಳಿದಳು. ಇಪ್ಪತ್ತೇಳು ನನ್ನ ಮಗ, ಹನ್ನೆರಡು ನನ್ನ ತಂಗಿಯ ಮಗಳು. ಇಪ್ಪತ್ತೇಳಕ್ಕೆ ಕೊಟ್ಟದ್ದು ನನ್ನ ಹಾಲಲ್ಲ. ಹನ್ನೆರಡಕ್ಕೆ ಕೊಟ್ಟದ್ದು ತಾಯಿಯ ಹಾಲೇ ಅಲ್ಲ. ಮೊದಲನೆಯದು ಗೊತ್ತಿದ್ದೇ ಸುಳ್ಳು ಬರೆದೆ. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ "ಒಂದು ಸಾಲು ಪಕ್ಕದಲ್ಲಿ ಬರೆದಿದ್ರೆ ಸಾಕಾಗಿತ್ತಲ್ರೀ," ಅಂದರು. "ಚಿಕ್ಕಮ್ಮನ ಹಾಲು ಅಂತ. ಅದೂ ಒಂದು ಒಳ್ಳೆ ಮಾಹಿತೀನೇ ಆಗ್ತಿತ್ತು." ಎರಡೂ ಸಂಖ್ಯೆಗಳನ್ನು ಪಟ್ಟಿಯಿಂದ ಹೊಡೆದು ಹಾಕಿದರು. ಉಳಿದ ಮೂವತ್ತೆಂಟರ ಅರ್ಜಿಗಳನ್ನು ಬೇರೆಯವರು ಮತ್ತೆ ಪರಿಶೀಲಿಸಬೇಕು. ಅಲ್ಲಿಯವರೆಗೆ ಮಕ್ಕಳ ಮಾದರಿಗಳನ್ನು ಇವಳು ಮುಟ್ಟುವಂತಿಲ್ಲ. ಪ್ರಬಂಧದಲ್ಲಿ ಮೊದಲಿದ್ದ ಇವಳ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಆಮೇಲೆ ನೋಡೋಣ ಅಂದರು. ಪಕ್ಕದ ಮೇಜಿನ ಕಿರಿಯ ಹುಡುಗಿ ಗಾಜಿನ ಪೆಟ್ಟಿಗೆಯ ಕೈಗವಸುಗಳೊಳಗೆ ಸಂಕೋಚದಿಂದ ಕೈ ತೂರಿಸುವುದನ್ನು ನೋಡುತ್ತ ಅವಳು ಸಂಜೆಯವರೆಗೆ ಹಳೆಯ ಕಡತಗಳನ್ನು ಜೋಡಿಸಿದಳು. ವಿಚಿತ್ರವೆಂದರೆ ಆ ಹುಡುಗಿಯ ಮೇಲೆ ಹೊಟ್ಟೆಯುರಿ ಆಗಲಿಲ್ಲ. ಇದ್ದ ಉರಿಯೆಲ್ಲ ಬೇರೊಂದು ಮನೆಯಲ್ಲಿ ಖರ್ಚಾಗುತ್ತಿತ್ತು.

ಭಾನುವಾರ ಮಧ್ಯಾಹ್ನ ಗಂಡ ಕೆಲಸದ ಮೇಲೆ ಹೋಗಿದ್ದ. ಗುಂಡನಿಗೆ ಹಸಿವಾಗುವ ಹೊತ್ತಿಗೆ ತಂಗಿ ಮಿಣುಕಿಯನ್ನು ಎತ್ತಿಕೊಂಡು ಬಂದಳು, ಏನಾದರೂ ಆದರೆ ಹತ್ತಿರ ಇರಲಿ ಅಂತ. "ನೀನು ಒಳಗಿನ ಕೋಣೇಲಿ ಇರು, ನಿನ್ನ ಕಂಡ್ರೆ ಇವನು ಮುಟ್ಟಲ್ಲ," ಅಂದಾಗ ತಲೆಯಾಡಿಸಿ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಇವಳು ನೀರು ಕಾಯಿಸಿ, ಆರಿಸಿ, ಪುಡಿಯನ್ನು ಚಮಚದ ಅಂಚಿಗೆ ಸಮ ಮಾಡಿ ಹಾಕಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿದಳು. ಗುಂಡ ಮೊದಲ ಗುಟುಕನ್ನು ಬಾಯಲ್ಲಿಟ್ಟುಕೊಂಡು ಹುಬ್ಬು ಗಂಟಿಕ್ಕಿ ಅವಳನ್ನು ನೋಡಿದ. ಉಗಿದ. ಮತ್ತೆ ಹಿಡಿದರೆ ಮುಖ ತಿರುಗಿಸಿದ. ಆಮೇಲೆ ಅಳು ಶುರುವಾಯಿತು. ಆ ಅಳುವಿಗೆ ಒಳಗಿನ ಕೋಣೆಯಲ್ಲಿ ನೆಲದ ಮೇಲೆ ಏನೋ ಸರಿದ ಸದ್ದಾಯಿತು, ನಿಂತಿತು. ಅವಳು ಎದ್ದು ನಡೆದಾಡಿದಳು, ಬೆನ್ನು ಸವರಿದಳು, ಕಿಟಕಿಯ ಹೊರಗಿನ ಬಸ್ಸುಗಳನ್ನು ತೋರಿಸಿ ಅವುಗಳ ನಂಬರು ಓದಿ ಹೇಳಿದಳು. ಕಾಲು ಗಂಟೆಯಾಯಿತು. ಅವಳ ಅಂಗಿಯ ಭುಜ ಅವನ ಕಣ್ಣೀರು ಜೊಲ್ಲಿನಿಂದ ಒದ್ದೆಯಾಯಿತು. ಇನ್ನೇನು ಒಳಗಿನವಳನ್ನು ಕರೆಯಬೇಕು ಅನ್ನುವಾಗ, ಬಿಕ್ಕಳಿಕೆಯ ನಡುವೆ, ಬಾಟಲಿಯ ತುದಿ ಅವನ ನಾಲಗೆಯ ಮೇಲೆ ಕೂತಿತು. ಒಂದು ಗುಟುಕು. ನಿಲ್ಲಿಸಿ ಯೋಚಿಸಿದ. ಇನ್ನೊಂದು. ಆಮೇಲೆ ಅವನ ಬೆರಳುಗಳು ಬಂದು ಅವಳ ಕಿರುಬೆರಳನ್ನು ಹಿಡಿದವು, ಮೂಗಿನಿಂದ ಆ ಉಸಿರು ಬಂತು. ಕಣ್ಣು ಅವಳ ಕಣ್ಣನ್ನು ಬಿಡಲಿಲ್ಲ. ಕೊನೆಯ ಹನಿಯವರೆಗೂ ಎಳೆದ. ಮುಗಿದ ಮೇಲೂ ಗಾಳಿ ಎಳೆದ.

ಅವಳು ಅಲ್ಲಾಡದೆ ಕೂತಳು. ಮೂರು ತಿಂಗಳಿಂದ ಕಾದದ್ದು ಮಡಿಲಲ್ಲಿ ಬಿದ್ದಿತ್ತು, ಬೆಚ್ಚಗೆ, ಭಾರವಾಗಿ.

ಒಳಗಿನಿಂದ ತಂಗಿಯ ಧ್ವನಿ ಬಂತು. ಬಾಗಿಲಿಗೆ ತೀರ ಹತ್ತಿರದಿಂದ ಬಂತು. ಇಷ್ಟು ಹೊತ್ತೂ ಅವಳು ಬಾಗಿಲಿಗೇ ಆತು ನಿಂತಿದ್ದಳೆಂದು ಆಗ ಗೊತ್ತಾಯಿತು.

"ಕುಡಿದ್ನಾ ಅಕ್ಕಾ?"

ಹಗುರವಾಗಿ ಕೇಳಲು ಮಾಡಿದ ಪ್ರಯತ್ನ ಆ ಎರಡು ಪದಗಳಲ್ಲಿ ಸೀಳಿಕೊಂಡು ಕೇಳಿಸುತ್ತಿತ್ತು. ಕುಡಿದಿರಲಿ ಅನ್ನುವ ಆಸೆ ಅದರಲ್ಲಿತ್ತು, ಅದರ ಕೆಳಗೆ, ಕುಡಿಯದೇ ಇದ್ದಿರಲಿ ಅನ್ನುವ ಆಸೆಯೂ ಇತ್ತು. ಅದನ್ನು ಗುರುತಿಸಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅದು ಹೊಕ್ಕುಳಿಗಿಂತ ತುಸು ಮೇಲೆ ಎಲ್ಲಿ ಸುಡುತ್ತದೆ, ಹೇಗೆ ಸುಡುತ್ತದೆ, ಎಲ್ಲ ಗೊತ್ತಿತ್ತು. ತಂಗಿ ಕೂಡ ಹೀಗೆ ಸುಡಬಲ್ಲಳೆಂಬುದು ಮಾತ್ರ ಗೊತ್ತಿರಲಿಲ್ಲ.

ಖಾಲಿ ಬಾಟಲಿಯನ್ನು ದಿಂಬಿನ ಹಿಂದಕ್ಕೆ ಸರಿಸಿದಳು.

"ಸ್ವಲ್ಪ," ಅಂದಳು. "ಸ್ವಲ್ಪವೇ ಕುಡಿದ. ಬಾಗಿಲ ಕಡೇನೇ ನೋಡ್ತಿದ್ದ ಕಣೇ. ಬಾ, ಎತ್ಕೋ."